ಕಲ್ಲಿನ ಮೇಲೆ ಚರಗ

೧೨ ಸೆಪ್ಟೆಂಬರ್ ೨೦೨೪, ಗುರುವಾರ

ಮಳೆಗಾಲ ಮುಗಿದು ಮೊದಲ ದೋಣಿ ಇವತ್ತು ಬಂತು. ಜಾಹೀದ ಜೋಳದ ಹಿಟ್ಟು, ಉಳ್ಳಾಗಡ್ಡಿ, ಎಣ್ಣೆ ಎಲ್ಲ ತಂದ. ಜೊತೆಗೆ ನಾನು ಹೇಳಿಕಳಿಸಿದ್ದ ಈ ನೋಟುಬುಕ್ಕು. ಮೂರು ತಿಂಗಳಿಂದ ಹೊರಗಿನವರ ಮುಖ ನೋಡಿರಲಿಲ್ಲ; ಅವನು ಚಹಾ ಕುಡಿದು ಮುಗಿಸುವವರೆಗೆ ನಾನೇ ಮಾತಾಡಿದೆ. ಅವನು ನಮ್ಮ ಕಡೆಯವನು. ಅವನ ಅಪ್ಪ ಸವಣೂರಿನ ವೀಳ್ಯದೆಲೆ ತಂದು ಕಾರವಾರದಲ್ಲಿ ಮಾರುತ್ತಿದ್ದವರು, ಅಲ್ಲೇ ಮದುವೆಯಾಗಿ ಉಳಿದರಂತೆ. ಈ ಕಡಲಿನಲ್ಲಿ "ಯಾಕ್ರಿ ಅಕ್ಕಾ, ಆರಾಮ ಅದೀರಿಲ್ಲ?" ಎಂದು ಕೇಳುವವನು ಅವನೊಬ್ಬನೇ.

ಆರಾಮ ಎಲ್ಲಿಂದ ಬರಬೇಕು. ದಡದಿಂದ ದೋಣಿಯಲ್ಲಿ ಒಂದೂವರೆ ತಾಸು ದೂರದ ಕಲ್ಲು ಇದು. ಕಲ್ಲಿನ ಮೇಲೊಂದು ಲೈಟ್‌ಹೌಸು, ಅದರ ಬುಡದಲ್ಲಿ ಎರಡು ಕ್ವಾರ್ಟರ್ಸು. ಒಂದರಲ್ಲಿ ಇವರ ಜೋಡಿ ನೌಕರ ಉಳಿವೆಪ್ಪ, ಇನ್ನೊಂದರಲ್ಲಿ ನಾವು. ಆರು ವರ್ಷವಾಯಿತು. ಮಗಳು ಶೀಲಾ ಶಿಗ್ಗಾಂವಿಯ ವಸತಿ ಶಾಲೆಯಲ್ಲಿ ಬೆಳೆಯುತ್ತಿದ್ದಾಳೆ, ನಾನಿಲ್ಲಿ ಕುಳಿತು ಹಕ್ಕಿ ಎಣಿಸುತ್ತಿದ್ದೇನೆ. ದಡದ ಸ್ಟೇಷನ್ನಿಗೆ ವರ್ಗ ಕೇಳಿ ಎಂದು ಹೇಳಿ ಹೇಳಿ ನಾಲಿಗೆ ಸವೆದಿದೆ. ಗಂಡನ ಹೆಸರು ಬಾಯಿಂದ ಹೇಳುವ ಹಾಗಿಲ್ಲ, ಬರೆದರೆ ಯಾರು ಕೇಳುತ್ತಾರೆ: ಫಕ್ಕೀರೇಶ. ಅರ್ಜಿ ಬರೆಯೋ ಫಕ್ಕೀರೇಶ.

ಸಾಲದ್ದಕ್ಕೆ ಇವರ ಅವ್ವ ಭರಮವ್ವ. ಮಾವ ಚೌಡಪ್ಪ ಫೆಬ್ರುವರಿಯಲ್ಲಿ ಹತ್ತಿಮತ್ತೂರಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ದಿನದಿಂದ ಮುದುಕಿ ಬಾಯಿ ಬಿಟ್ಟಿಲ್ಲ. ಡಾಕ್ಟರು ಗಂಟಲು, ನಾಲಿಗೆ ಎಲ್ಲ ನೋಡಿ ಏನೂ ಆಗಿಲ್ಲ ಅಂದರು. ಇವರು ಕರೆತಂದು ನನ್ನ ಮುಂದೆ ಕೂರಿಸಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದಾಗ ಜಗಳಕ್ಕೆ ಎದುರಾಳಿಯೇ ಇಲ್ಲ. ಬೈದರೂ ಮಾತಿಲ್ಲ, ಬಡಿಸಿದರೂ ಮಾತಿಲ್ಲ. ಅರ್ಧ ರೊಟ್ಟಿ ತಿಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ನೋಡಿದರೆ ಸಿಟ್ಟು ಬರುತ್ತದೆ.

೨೯ ಸೆಪ್ಟೆಂಬರ್, ಭಾನುವಾರ

ಉಳಿವೆಪ್ಪ ತಂಗಿಯ ಮದುವೆಗೆಂದು ಒಂದು ತಿಂಗಳ ರಜೆ ಹಾಕಿ ಹಾನಗಲ್ಲಿಗೆ ಹೋದರು. ಬದಲಿಗೆ ಯಾರನ್ನೂ ಕಳಿಸಿಲ್ಲ. ಇವರಿಗೆ ಎರಡು ಆಳಿನ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಸೋಲಾರ್ ಪ್ಲೇಟು ಒರೆಸುವುದು, ಬ್ಯಾಟರಿ ನೋಡುವುದು, ಲಾಗ್ ಬುಕ್ಕು ಬರೆಯುವುದು. ಪ್ಲೇಟಿನ ಮೇಲೆ ಉಪ್ಪು, ಹಿಕ್ಕೆ ಕೂತರೆ ಬಿಸಿಲು ಹಿಡಿಯುವುದಿಲ್ಲ. ಬಿಸಿಲು ಹಿಡಿಯದಿದ್ದರೆ ಬ್ಯಾಟರಿ ತುಂಬುವುದಿಲ್ಲ, ರಾತ್ರಿ ದೀಪ ಇಲ್ಲ. ಇವರು ಒದ್ದೆ ಅರಿವೆ ಹಿಡಿದು ಒರೆಸುವುದನ್ನು ನೋಡಿದರೆ ಎಮ್ಮೆಯ ಮೈ ತೊಳೆದ ಹಾಗೆ.

ಹದಿನೆಂಟು ವರ್ಷದ ನೌಕರಿಯಲ್ಲಿ ಲಾಗ್ ಬುಕ್ಕಿನಲ್ಲಿ ಒಂದು ಸುಳ್ಳು ಬರೆದಿಲ್ಲ ಎಂದು ಜಂಬ ಬೇರೆ. ದೀಪ ಹತ್ತು ನಿಮಿಷ ತಡವಾಗಿ ಹತ್ತಿದರೂ ಅದನ್ನು ಬರೆದು ಸಹಿ ಮಾಡುತ್ತಾರೆ. "ನಿಮ್ಮನ್ನ ಯಾರು ನೋಡಾಕ ಬರ್ತಾರ್ರಿ ಇಲ್ಲಿ" ಎಂದೆ. ಉತ್ತರ ಕೊಡಲಿಲ್ಲ. ಅವ್ವನ ಹಾಗೆ ಮಗ.

೧೫ ಅಕ್ಟೋಬರ್, ಮಂಗಳವಾರ

ಕೊನೆಗೂ ವರ್ಗದ ಅರ್ಜಿ ಬರೆದರು. ಕಳಿಸಿದರೆ ಫೈಲಿನ ಅಡಿಗೆ ಹೋಗುತ್ತದೆ, ಕೈಯಲ್ಲಿ ಕೊಟ್ಟು ಬನ್ನಿ ಎಂದು ಬೆನ್ನು ಬಿದ್ದೆ.

"ಉಳಿವೆಪ್ಪ ಇಲ್ಲ. ಅಪ್ಪಣಿ ಇಲ್ಲದ ಸ್ಟೇಷನ್ ಬಿಟ್ಟು ಹೋಗೂ ಹಂಗಿಲ್ಲ, ಹೇಮಾ."

"ಮುಂಜಾನೆ ಹೋಗಿ ಸಂಜಿಕ ಬರ್ರಿ. ದೀಪ ತಾನ ಹತ್ತತೈತಿ, ತಾನ ಆರತೈತಿ. ನಾ ಏನು ಸತ್ತೇನಿ?"

ನಾಳೆ ಯಾವುದೋ ಮೀನಿನ ದೋಣಿ ಹತ್ತಿ ಹೊರಡುತ್ತಾರೆ, ಜಾಹೀದನಿಗೂ ತಿಳಿಯದ ಹಾಗೆ. ಅರ್ಧ ದಿನ ವಾದ ಮಾಡಿ ಗೆದ್ದೆ.

೧೭ ಅಕ್ಟೋಬರ್, ಗುರುವಾರ, ಶೀಗಿ ಹುಣ್ಣಿಮೆ

ಇವರು ನಿನ್ನೆ ಹೋದವರು ಬಂದಿಲ್ಲ. ಸಮುದ್ರ ಎದ್ದಿದೆ, ದೋಣಿ ಬಿಡುವುದಿಲ್ಲವಂತೆ. ಅರ್ಜಿ ಮಾತ್ರ ಪರಿಚಯದ ಗುಮಾಸ್ತನ ಕೈಗೆ ಗುಟ್ಟಾಗಿ ಕೊಟ್ಟಾಯಿತು.

ಬೆಳಿಗ್ಗೆ ಅತ್ತೆ ಅಂಗಳದಲ್ಲಿ ಕುಳಿತು ಕಲ್ಲನ್ನು ಕೈಯಿಂದ ಸವರುತ್ತಿದ್ದರು. ಯಾಕೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇವತ್ತು ಊರಿನಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಬಸಿರಾದ ಭೂಮಿತಾಯಿಗೆ ಉಡಿ ತುಂಬಿ, ಕಲಸಿದ ಎಡೆಯ ಚರಗವನ್ನು ಹೊಲದ ತುಂಬ ಚೆಲ್ಲುತ್ತಾರೆ. ಐವತ್ತು ವರ್ಷ ಗಂಡನ ಹಿಂದೆ ಬುಟ್ಟಿ ಹೊತ್ತು ನಡೆದ ಹೆಂಗಸು ಇವತ್ತು ಬರಿಗೈಯಲ್ಲಿ ಕೂತಿದ್ದಾರೆ.

ಎದ್ದು ಅಡುಗೆ ಮಾಡಿದೆ. ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಎಣಗಾಯಿ, ಕಾಳುಪಲ್ಲೆ, ಮೊಸರನ್ನ. ಎಲ್ಲ ಕಲಸಿ ಬುಟ್ಟಿಗೆ ತುಂಬಿ ಅತ್ತೆಯ ಕೈ ಹಿಡಿದು ಹೊರಟೆ. ಹೊಲ ಎಲ್ಲಿಂದ ತರಲಿ? ಈ ಕಲ್ಲಿನಲ್ಲಿ ಸಮನಾದ ಜಾಗ ಅಂದರೆ ಸೋಲಾರ್ ಪ್ಲೇಟಿನ ಮಟ್ಟ ಒಂದೇ. ಅಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಕುಂಕುಮ ಇಟ್ಟೆ. ಪ್ಲೇಟಿನ ಸಾಲಿನ ನಡುವೆ ನಡೆಯುತ್ತ ಚರಗ ಚೆಲ್ಲತೊಡಗಿದೆ. ಬುಟ್ಟಿ ಬಲಗೈಯಲ್ಲಿತ್ತು, ಎಡಗೈಯಿಂದ ಚೆಲ್ಲುತ್ತಿದ್ದೆ.

"ಹಂಗಲ್ಲ. ಬಲಗೈಲೆ ಚೆಲ್ಲು."

ತಿರುಗಿ ನೋಡಿದೆ. ಎಂಟು ತಿಂಗಳ ಮೇಲೆ ಆ ದನಿ. ಒಣಗಿ ಒಡೆದ ದನಿ. ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಅವರೇ ಮುಂದೆ ನಡೆದರು, ಸಾಲು ಸಾಲಿಗೂ ಚೆಲ್ಲಿದರು. ಆಮೇಲೆ ಇಬ್ಬರೂ ಕುಳಿತು ಉಂಡೆವು. ಎರಡು ರೊಟ್ಟಿ ತಿಂದರು. "ಪಲ್ಲೆಕ್ಕ ಉಪ್ಪು ಕಡಿಮಿ ಆಗೇತಿ" ಅಂದರು. ಸುತ್ತ ಇಷ್ಟು ಉಪ್ಪುನೀರು ಇಟ್ಟುಕೊಂಡು! ನಾನು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ.

೧೯ ಅಕ್ಟೋಬರ್, ಶನಿವಾರ

ಗಾಳಿ, ಮೋಡ, ನಡುನಡುವೆ ಹನಿ. ದೋಣಿ ಇಲ್ಲ. ನನಗೆ ಅದರ ಪರಿವೆಯೇ ಇಲ್ಲ. ಮೂರು ದಿನದಿಂದ ಅತ್ತೆಯ ಬಾಯಿಗೆ ಬಿಡುವಿಲ್ಲ.

ಅವರ ತವರು ಮಾಸೂರು. ಮದಗದ ಕೆರೆಯ ಕೆಳಗಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದಾಗ ಮಾವ ಹೆಣ್ಣು ನೋಡಲು ಒಬ್ಬರೇ ಬಂದಿದ್ದರಂತೆ. ಗದ್ದೆಯಲ್ಲಿ ನಿಂತಿದ್ದ ಅತ್ತೆಯನ್ನೇ "ಭರಮವ್ವನ ಮನಿ ಯಾಕಡೆ ಬರತೈತಿ?" ಎಂದು ಕೇಳಿದರಂತೆ. "ನಾ ಕೆರಿ ಏರಿ ಕಡೆ ಕೈ ಮಾಡಿ ತೋರ್ಸಿದ್ನಿ. ಸಂಜಿತನಕ ಕೆರಿ ಸುತ್ತ್ಯಾರ ನಿಮ್ಮ ಮಾವ. ಮದಿವಿ ಆದ ಮ್ಯಾಲ ಗೊತ್ತಾತು, ಬೈಲಿಲ್ಲ." ಹೇಳುತ್ತ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಾನು ಜೋಳ ಹಸನು ಮಾಡುವುದನ್ನೂ ಬಿಟ್ಟು ಕೇಳಿದೆ.

ಸಂಜೆ ಇವರ ಫೋನು ಬಂತು. "ಪ್ಲೇಟು ಒರಸಾಕತ್ತಿ ಹೌದಿಲ್ಲ?" ಎಂದರು. ಹೂಂ ಅಂದೆ. ನಾಳೆ ಒರೆಸಿದರಾಯಿತು. ಚರಗ ತಿನ್ನಲು ಕಾಗೆ, ಹದ್ದು, ಕಡಲ ಹಕ್ಕಿ ಎಲ್ಲ ಬಂದು ಕೂತಿವೆ, ಓಡಿಸಿದರೂ ಹೋಗುತ್ತಿಲ್ಲ.

೨೦ ಅಕ್ಟೋಬರ್, ಭಾನುವಾರ

ರಾತ್ರಿ ದೀಪ ಆರಿತು.

ಜನರೇಟರಿನ ಹಗ್ಗ ಜಗ್ಗಿ ಜಗ್ಗಿ ಅಂಗೈ ಸುಲಿದಿದೆ. ಅದು ಹತ್ತಲಿಲ್ಲ. ಬೆಳಕು ಹರಿದ ಮೇಲೆ ನೋಡಿದರೆ ಪ್ಲೇಟುಗಳೆಲ್ಲ ಹಕ್ಕಿಯ ಹಿಕ್ಕೆಯಿಂದ ಬಿಳಿಚಿಕೊಂಡಿವೆ. ಮೂರು ದಿನ ನಾನು ಒಂದು ಪ್ಲೇಟೂ ಒರೆಸಿರಲಿಲ್ಲ.

ಕಲ್ಲಿನ ತೆಂಕಣ ಮೂಲೆಗೆ ಒಂದು ಮೀನಿನ ದೋಣಿ ಬಡಿದು ನಿಂತಿದೆ. ಬೇರೆ ದೋಣಿಯವರು ಬಂದು ಜನರನ್ನು ಕರೆದೊಯ್ದರು. ಎಲ್ಲರೂ ಬದುಕಿದ್ದಾರೆ. ದೋಣಿ ನಡೆಸುತ್ತಿದ್ದವನು ಜಾಹೀದನ ತಮ್ಮ ನಿಯಾಜ. ಅವನ ಕಾಲು ಮುರಿದಿದೆ.

೨೧ ಅಕ್ಟೋಬರ್, ಸೋಮವಾರ

ಇವರು ಬಂದರು. ಯಾರನ್ನೂ ಬೈಯಲಿಲ್ಲ. ಪ್ಲೇಟು ತೊಳೆದರು, ಐದು ಕಲ್ಲು ಎತ್ತಿ ಪಕ್ಕಕ್ಕಿಟ್ಟರು, ಜನರೇಟರು ಎರಡೇ ಜಗ್ಗಿಗೆ ಹತ್ತಿಸಿದರು. ಆಮೇಲೆ ಲಾಗ್ ಬುಕ್ಕು ಬಿಚ್ಚಿಕೊಂಡು ಪೆನ್ನು ಹಿಡಿದು ಕುಳಿತರು. ಒಂದು ತಾಸು ಹಾಗೇ ಕುಳಿತರು.

"ಏನು ಬರೀಲಿ, ಹೇಮಾ?"

ದೀಪ ಆರಿತ್ತು ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ನೀನೆಲ್ಲಿದ್ದೆ ಎಂದು ಕೇಳುತ್ತಾರೆ. ಅಪ್ಪಣೆ ಇಲ್ಲದೆ ಸ್ಟೇಷನ್ ಬಿಟ್ಟವನ ನೌಕರಿ ಉಳಿಯುವುದಿಲ್ಲ.

"ಹತ್ತಿತ್ತು ಅಂತ ಬರೀರಿ" ಎಂದೆ.

ಬರೆದರು. ಸಹಿ ಮಾಡಿದರು. ಮಧ್ಯಾಹ್ನ ಉಣ್ಣಲಿಲ್ಲ.

೨ ನವೆಂಬರ್, ಶನಿವಾರ, ದೀಪಾವಳಿ

ಜಾಹೀದ ಸಾಮಾನು ತಂದ. ದೋಣಿಯಿಂದ ಇಳಿಯಲಿಲ್ಲ, ಚೀಲಗಳನ್ನು ಮೆಟ್ಟಿಲ ಮೇಲಿಟ್ಟ. ಚಹಾ ಮಾಡೀನಿ ಬಾ ಎಂದೆ, ಕೆಲಸ ಐತ್ರಿ ಎಂದ. ನಿಯಾಜನ ಕಾಲಿಗೆ ರಾಡು ಹಾಕಿದ್ದಾರಂತೆ. ದೋಣಿ ಬಡಿದ ರಾತ್ರಿ ದೀಪ ಇರಲಿಲ್ಲ ಎಂದು ನಿಯಾಜ ಹೇಳುತ್ತಿದ್ದಾನೆ. ಲಾಗ್ ಬುಕ್ಕಿನಲ್ಲಿ ದೀಪ ಇತ್ತು ಎಂದಿದೆ. ಚುಕ್ಕಾಣಿ ಹಿಡಿದು ನಿದ್ದೆ ಹೊಡೆದು ಈಗ ಸುಳ್ಳು ಹೇಳುತ್ತಾನೆ ಎಂದು ದೋಣಿಯ ಮಾಲೀಕ ಅವನನ್ನು ತೆಗೆದುಹಾಕಿದ್ದಾನೆ.

"ನೀವ ಹೇಳ್ರಿ ಅಕ್ಕಾ, ಅಂದು ದೀಪ ಇತ್ತೋ ಇಲ್ಲೋ?" ಎಂದು ಜಾಹೀದ ಕೇಳಿದ.

"ನಾ ಮಲಗಿದ್ನಿ, ಗೊತ್ತಿಲ್ಲಪಾ" ಎಂದೆ. ಅವನು ನನ್ನ ಅಂಗೈಯ ಗಾಯ ನೋಡಿದ. ಹಗ್ಗ ಬಿಚ್ಚಿ ದೋಣಿ ತಿರುಗಿಸಿದ.

೧೩ ನವೆಂಬರ್, ಬುಧವಾರ

ನಾಳೆ ವಿಚಾರಣೆಗೆ ಸಾಹೇಬರು ಬರುತ್ತಾರೆ. ಇವರು ಬೆಳಗಿನಿಂದ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದಾರೆ.

ಅತ್ತೆಗೆ ತಿಳಿಸಿ ಹೇಳಬೇಕಾಯಿತು. ಅವರು ಮಾತಿಗೆ ಸಿಕ್ಕವರಿಗೆಲ್ಲ ಚರಗದ ಕಥೆ ಹೇಳುವವರು. ಉಳಿವೆಪ್ಪ ರಜೆ ಬೆಳೆಸಿಕೊಂಡು ಇನ್ನೂ ಬಂದಿಲ್ಲ; ಇಲ್ಲಿ ಬೇರೆ ಯಾರೂ ಸಿಗದ್ದಕ್ಕೆ ಬಚಾವು. "ಅತ್ತಿ, ನಾಳೆ ಒಂದ ದಿನ ಬಾಯಿ ಬಿಡಬ್ಯಾಡ್ರಿ. ಏನು ಕೇಳಿದ್ರೂ ಸುಮ್ಮ ಕುಂದರ್ರಿ. ನಿಮ್ಮ ಮಗನ ನೌಕರಿ ಐತಿ" ಎಂದೆ.

"ಆ ಹುಡುಗನ ಕಾಲು?" ಎಂದರು.

"ಅದು ಹೆಂಗರ ಕೂಡತೈತಿ" ಎಂದೆ. ಅವರು ನನ್ನನ್ನೇ ನೋಡಿದರು, ಆಮೇಲೆ ಆಗಲಿ ಎಂದು ಗೋಣು ಹಾಕಿದರು.

೧೪ ನವೆಂಬರ್, ಗುರುವಾರ

ಮುಗಿಯಿತು. ಸಾಹೇಬರು ಒಳ್ಳೆಯ ಮನುಷ್ಯ, ಅದೇ ಕಷ್ಟ. ಅತ್ತೆಯ ಮುಂದೆ ಚಾಪೆಯ ಮೇಲೇ ಕುಳಿತರು.

"ಅಜ್ಜಿ, ಆ ಶನಿವಾರ ರಾತ್ರಿ ದೀಪ ಉರಿಯುತ್ತಿತ್ತಾ? ನಿಮ್ಮ ಮಗ ಮನೆಯಲ್ಲೇ ಇದ್ದರಾ?"

ಅತ್ತೆ ಸುಮ್ಮನಿದ್ದರು. ಮತ್ತೆ ಕೇಳಿದರು. ಅತ್ತೆ ಸೆರಗು ಬಾಯಿಗೆ ಒತ್ತಿ ಹಿಡಿದರು, ಬಾಯಿ ಬಿಡಲಿಲ್ಲ. ಇವರು ನೆಲ ನೋಡುತ್ತಿದ್ದರು.

"ಇವರು ಮಾತಾಡಂಗಿಲ್ರಿ ಸರ. ಮಾವ ಸತ್ತಾಗಿಂದ ಮೂಕಿ ಆಗ್ಯಾರ. ಡಾಕ್ಟ್ರ ಚೀಟಿ ಐತ್ರಿ" ಎಂದೆ. ಮಾತು ನಿಂತಿದೆ ಎಂದು ಆಗ ತೋರಿಸಿದ್ದ ಚೀಟಿ ತಂದು ಕೊಟ್ಟೆ. ಸಾಹೇಬರು ಅಯ್ಯೋ ಪಾಪ ಎಂದು ಕಾಗದದಲ್ಲಿ ಬರೆದುಕೊಂಡರು: ವೃದ್ಧೆ, ಮೂಕಿ.

ದೋಣಿ ಹೋದ ಮೇಲೆ ಅತ್ತೆಯ ಕಾಲ ಹತ್ತಿರ ಕುಳಿತೆ. "ಹೋದ್ರು ಅತ್ತಿ, ಇನ್ನ ಮಾತಾಡ್ರಿ." ಮಾತಾಡಲಿಲ್ಲ. ದಣಿದಿದ್ದಾರೆ.

೩೦ ನವೆಂಬರ್, ಶನಿವಾರ

ಹದಿನಾರು ದಿನವಾಯಿತು. ಒಂದು ಮಾತಿಲ್ಲ. ಮತ್ತೆ ಅರ್ಧ ರೊಟ್ಟಿ, ಮತ್ತೆ ಗೋಡೆ.

ಮೊದಲು ನಾನೇನು ಹೇಳಿದರೂ ಅವರಿಗೆ ಕೇಳಿಸುತ್ತಿಲ್ಲವೇನೋ ಅನ್ನಿಸುತ್ತಿತ್ತು. ಈಗ ಎಲ್ಲ ಕೇಳಿಸುತ್ತಿದೆ ಎಂದು ಗೊತ್ತು. ಮಾಸೂರಿನ ಕೆರೆಯ ಕಥೆ ನಾನೇ ಬೇಕೆಂದು ತಪ್ಪಾಗಿ ಹೇಳಿದೆ, ಮಾವ ಮಧ್ಯಾಹ್ನಕ್ಕೇ ಮನೆ ಹುಡುಕಿದರು ಎಂದು. ತಿದ್ದುತ್ತಾರೇನೋ ಎಂದು ಕಾದೆ. ತಿದ್ದಲಿಲ್ಲ.

೧೧ ಡಿಸೆಂಬರ್, ಬುಧವಾರ

ವರ್ಗದ ಆದೇಶ ಬಂತು. ದಡದ ಸ್ಟೇಷನ್ನು, ಪಕ್ಕದಲ್ಲೇ ಶಾಲೆ. ಶೀಲಾಳನ್ನು ಕರೆತರಬಹುದು. ಆರು ವರ್ಷ ಬೇಡಿಕೊಂಡದ್ದು.

ಇವರು ಕಾಗದ ನನ್ನ ಕೈಗೆ ಕೊಟ್ಟು "ಖುಷಿ ಆತ?" ಎಂದರು. ಆಗಬೇಕಿತ್ತು. ವಿಚಾರಣೆಯ ತೀರ್ಮಾನವೂ ಅದೇ ಟಪಾಲಿನಲ್ಲಿತ್ತು. ದೀಪದ ತಪ್ಪಿಲ್ಲ, ದೋಣಿ ನಡೆಸಿದವನ ಅಜಾಗರೂಕತೆ. ಹುಡುಗನಿಗೆ ಇನ್ನು ಮೇಲೆ ಯಾರೂ ದೋಣಿ ಕೊಡುವುದಿಲ್ಲ ಎಂದು ಇವರೇ ಹೇಳಿದರು. ಆಮೇಲೆ ಹೊರಗೆ ಹೋಗಿ ಒರೆಸಿದ್ದ ಪ್ಲೇಟುಗಳನ್ನೇ ಮತ್ತೆ ಒರೆಸಿದರು.

೨೪ ಡಿಸೆಂಬರ್, ಮಂಗಳವಾರ, ಹತ್ತಿಮತ್ತೂರು

ಹೊಸ ಜಾಗಕ್ಕೆ ಹೋಗುವ ಮೊದಲು ಹತ್ತು ದಿನ ಊರಿಗೆ ಬಂದಿದ್ದೇವೆ. ಅತ್ತೆಯನ್ನು ಈಗೀಗ ಅವ್ವ ಎನ್ನುತ್ತೇನೆ; ಊರಿಗೆ ಬಂದರೆ ಅವ್ವ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅಕ್ಕಪಕ್ಕದವರು ಬಂದು ಕೂಗಿ ಕೂಗಿ ಕೇಳಿದರು. ನೆರೆಮನೆಯ ಶಾರವ್ವ "ಭರಮವ್ವ ಪೂರಾ ಮೂಕಿ ಆದ್ಲು ನೋಡವಾ" ಎಂದು ಕಣ್ಣೊರೆಸಿಕೊಂಡಳು. ನನಗೆ ಅವಳ ಬಾಯಿ ಮುಚ್ಚಬೇಕೆನ್ನಿಸಿತು. ಬಾಯಿ ಮುಚ್ಚಿಸುವುದು ನನಗೆ ಚೆನ್ನಾಗಿ ಬರುತ್ತದಲ್ಲ.

ಇವರು ಗಿರಣಿಗೆ ಹೋದಾಗ ಸಾಹೇಬರಿಗೆ ಕಾಗದ ಬರೆದೆ. ಆ ಶನಿವಾರ ರಾತ್ರಿ ದೀಪ ಆರಿತ್ತು. ನನ್ನ ಗಂಡ ಸ್ಟೇಷನ್ನಿನಲ್ಲಿರಲಿಲ್ಲ, ನಾನೇ ಒತ್ತಾಯ ಮಾಡಿ ಕಳಿಸಿದ್ದೆ. ಪ್ಲೇಟು ಒರೆಸಿದೆ ಎಂದು ಅವರಿಗೆ ಸುಳ್ಳು ಹೇಳಿದ್ದೆ. ನಿಯಾಜ ಹೇಳಿದ್ದು ನಿಜ. ನನ್ನ ಅತ್ತೆ ಮೂಕಿ ಅಲ್ಲ, ಅವರ ಬಾಯಿ ಮುಚ್ಚಿಸಿದವಳು ನಾನು.

ಅವ್ವನ ಮುಂದೆ ಕುಳಿತು ಗಟ್ಟಿಯಾಗಿ ಓದಿದೆ. ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು.

"ಹರದ ಒಗಿ ಅದನ್ನ."

ನಲವತ್ತು ದಿನದ ಮೇಲೆ ಬಂದ ಮೊದಲ ಮಾತು. ಯಾವ ಮಾತಿಗಾಗಿ ಹರಕೆ ಹೊತ್ತಿದ್ದೆನೋ ಅದು ಹೀಗೆ ಬಂತು.

"ಅವನ ನೌಕರಿ ಹೋಗತೈತಿ, ಹೇಮವ್ವ. ನಾ ಮುದುಕಿ. ಸುಮ್ಮನ ಇರ್ತೇನಿ, ಇನ್ನೆಷ್ಟ ದಿನ ಇದ್ದೇನು. ಹರಿ."

"ಒಲ್ಲೆ. ನಿಮ್ಮನ್ನ ಮೂಕಿ ಅಂತ ಬರಿಸಿ ನಾ ಆ ದಡದ ಮನ್ಯಾಗ ಹೆಂಗ ಉಣ್ಲಿ? ನನಗ ನಿಮ್ಮ ಮಾತು ಬೇಕ್ರಿ" ಎಂದೆ. ಅಳು ಬಂದುಬಿಟ್ಟಿತು. ಅವ್ವನೂ ಅತ್ತರು. ಅಷ್ಟರಲ್ಲಿ ಇವರು ಹಿಟ್ಟಿನ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಕಾಗದ ಇಸಿದುಕೊಂಡು ಎರಡು ಸಲ ಓದಿದರು. ನಾನು ಬೈಗುಳಕ್ಕೆ ತಯಾರಾದೆ.

"ಎಷ್ಟಕ್ಕ ಆರಿತ್ತು?" ಎಂದರು.

"ಹನ್ನೊಂದೂಕಾಲಕ್ಕ."

ಕೆಳಗೆ ವೇಳೆ ಬರೆದರು. ಲಾಗ್ ಬುಕ್ಕಿನಲ್ಲಿ ತಾನು ಬರೆದದ್ದು ಸುಳ್ಳು ಎಂದು ಎರಡು ಸಾಲು ಸೇರಿಸಿ ಸಹಿ ಹಾಕಿದರು. ಆಮೇಲೆ ಕೈತೊಳೆದು ಬಂದು ಉಣ್ಣಲು ಬಡಿಸು ಅಂದರು. ಅಕ್ಟೋಬರಿನ ಮೇಲೆ ಈ ಮನುಷ್ಯ ಹೊಟ್ಟೆ ತುಂಬ ಉಂಡದ್ದು ಇವತ್ತೇ.

೨೬ ಡಿಸೆಂಬರ್, ಗುರುವಾರ

ಸವಣೂರಿನ ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿ ಬಂದೆವು.

೧೯ ಜನವರಿ ೨೦೨೫, ಭಾನುವಾರ

ತಾವಾಗಿಯೇ ಒಪ್ಪಿಕೊಂಡದ್ದಕ್ಕೆ ನೌಕರಿ ಉಳಿಯಿತು. ದಡದ ವರ್ಗ ರದ್ದು. ಇವರು ಅದೇ ಕಲ್ಲಿಗೆ ಇನ್ನೂ ಮೂರು ವರ್ಷ, ಒಬ್ಬರೇ. ಇನ್ನು ಮೇಲೆ ಮನೆಯವರನ್ನು ಅಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ನಿಯಾಜನ ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಜಾಹೀದನಿಗೆ ಫೋನು ಮಾಡಿದೆ. "ತಡಾ ಮಾಡಿದ್ರಿ ಅಕ್ಕಾ" ಎಂದ. ಆಮೇಲೆ "ಫಕ್ಕೀರೇಶಣ್ಣನ್ನ ಕಾರವಾರದಾಗ ನಾನ ಬಂದು ಕರಕೊಂಡು ಹೋಗ್ತೇನಿ, ಬೇರೆ ದೋಣಿ ನೋಡಬ್ಯಾಡ್ರಿ" ಎಂದ.

ಇವತ್ತು ಇವರನ್ನು ಕಳಿಸಲು ಸವಣೂರು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಮೂರು ವರ್ಷ ಎಂದರೆ ಎಷ್ಟು ಎಂದು ಎದೆಗೆ ಗೊತ್ತಾದದ್ದು ಅಲ್ಲೇ. ಆ ಕಲ್ಲಿನ ಮೇಲೆ ನನ್ನ ಮನೆ ಇತ್ತು, ಈಗ ಇಲ್ಲ. ಶಾಲೆಯಿಂದ ಬಂದಿದ್ದ ಶೀಲಾ ಅಪ್ಪನ ಅಂಗಿ ಬಿಡಲಿಲ್ಲ.

ಅವ್ವ ಮಾತ್ರ ಕಂಡಕ್ಟರನನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. "ನನ್ನ ಮಗ ದೀಪ ನೋಡಾವಪಾ. ಒಂದ ಸಲ ಆರಿತ್ತು. ನಂದ ತಪ್ಪು, ನನ್ನ ಸೊಸಿದು ತಪ್ಪು, ಚರಗ ಚೆಲ್ಲಿದ್ವಿ" ಎಂದು ಮೊದಲಿನಿಂದ ಶುರುಮಾಡಿದರು. ಬಸ್ಸಿನೊಳಗಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಇವರು ನಾಚಿಕೆಯಿಂದ ಕೆಂಪಾಗಿ ನನ್ನ ಕಡೆ ನೋಡಿದರು, ಸುಮ್ಮನಿರಿಸು ಎಂಬಂತೆ.

ನಾನು ಸುಮ್ಮನಿರಿಸಲಿಲ್ಲ. ಬಸ್ಸು ಐದು ನಿಮಿಷ ತಡವಾಗಿ ಬಿಟ್ಟಿತು.